ಶಿಖರಜಿಯ ವಂದನೆ: ದಣಿವು ಯಾರದು?

ಶಾಶ್ವತ ತೀರ್ಥವೆಂದು ಕೀರ್ತಿತವಾದ ಶ್ರೀ ಸಮ್ಮೇದ ಶಿಖರಜಿಯ ವಂದನೆಯು ಪ್ರತಿಯೊಬ್ಬ ಶ್ರಾವಕ-ಶ್ರಾವಿಕೆಯರ ಬಾಳಿನ ಹಂಬಲ. ಇಪ್ಪತ್ನಾಲ್ಕು ತೀರ್ಥಂಕರರ ಪೈಕಿ ಆದಿನಾಥ, ವಾಸುಪೂಜ್ಯ, ನೇಮಿನಾಥ, ಮಹಾವೀರ ಈ ನಾಲ್ವರನ್ನುಳಿದು 20 ಜಿನರು ಮುಕ್ತಿ ಪಡೆದ ಪಾವನ ಗಿರಿಯದು. ಜಾರ್ಖಂಡದ ಗಿರಿಡೀಹ ಜಿಲ್ಲೆಯಲ್ಲಿರುವ ಅದರ ಎತ್ತರ ಸುಮಾರು 4,480 ಅಡಿ. ಸಂತಾಲ ಜನರಿಗೂ ಅದು ‘ಮರಾಂಗ್ ಬುರು’ ಎಂಬ ಪೂಜ್ಯ ಪರ್ವತ.

ಕುಂಭೋಜದ ಬಾಹುಬಲಿ ಬೆಟ್ಟವನ್ನು ಹತ್ತಿ ಇಳಿದು ರೂಢಿಯಾದ ವಿಶ್ರಾಮಬಾಗ, ಸಾಂಗಲಿ, ಮಿರಜದ ಭಕ್ತರಿಗೆ ಶಿಖರಜಿಯ ನಡಿಗೆ ಬೇರೆಯೇ ಪರೀಕ್ಷೆ. ಮಧುವನದಿಂದ ಏರು 9 ಕಿ.ಮೀ., ಮೇಲೆ ಕೂಟದಿಂದ ಕೂಟಕ್ಕೆ 9 ಕಿ.ಮೀ., ಇಳಿಜಾರು 9 ಕಿ.ಮೀ.; ಒಟ್ಟು 27 ಕಿ.ಮೀ. ರಾತ್ರಿ ಎರಡು-ಮೂರು ಗಂಟೆಗೇ ಯಾತ್ರಿಕರು ಹೊರಡುತ್ತಾರೆ. ಗಣಧರರ ಟೋಂಕಿನಿಂದ ಮೊದಲಾಗಿ, ದೂರದ ಚಂದ್ರಪ್ರಭರ ಲಲಿತಕೂಟವನ್ನು ದರ್ಶಿಸಿ, ಎಲ್ಲಕ್ಕಿಂತ ಎತ್ತರದಲ್ಲಿರುವ ಪಾರ್ಶ್ವನಾಥರ ಸುವರ್ಣಭದ್ರಕೂಟವನ್ನು ಸೇರುತ್ತಾರೆ. ಬರಿಗಾಲಿನಲ್ಲಿ, ಉಪವಾಸವಿದ್ದು ನಡೆಯುವವರು ಅನೇಕರು.

ನಡೆಯಲಾರದವರಿಗೆ ಡೋಲಿಯುಂಟು. ಕುಳಿತವರ ತೂಕ ನೋಡಿ ಕೂಲಿ ಗೊತ್ತಾಗುತ್ತದೆ. ಇಲ್ಲೊಂದು ಧರ್ಮಸೂಕ್ಷ್ಮ ಏಳುತ್ತದೆ: ಬೆವರು ಹೊತ್ತವನದು, ವಂದನೆ ಕುಳಿತವನದು, ಹಾಗಾದರೆ ತಪಸ್ಸು ಯಾರದು?

ಡೋಲಿ ಹತ್ತುವುದೇ ಪಾಪವೆಂದರೆ ವೃದ್ಧರಿಗೂ ರೋಗಿಗಳಿಗೂ ಅನ್ಯಾಯವಾದೀತು. ಹೊರುವವನ ಮನೆಯ ಒಲೆಯೂ ಆರೀತು. ಆದರೆ ಕೂಲಿ ಕೊಟ್ಟಾಯಿತು, ಋಣ ಹರಿಯಿತು ಎನ್ನುವುದೂ ಸಲ್ಲದು. ಪಶುವಿನ ಮೇಲೆ ಶಕ್ತಿಮೀರಿ ಭಾರ ಹೇರುವುದನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಒಂದೆಂದು ಶಾಸ್ತ್ರವು ಎಣಿಸಿದೆ. ಪಶುವಿಗೆ ಸಲ್ಲುವ ಕರುಣೆ ಮನುಷ್ಯನ ಹೆಗಲಿಗೆ ಸಲ್ಲಬಾರದೇ? ಹುಂಡಿಗೆ ಧಾರಾಳವಾಗಿ ಹಾಕುವ ಕೈ ಡೋಲಿಯವನೊಡನೆ ಹತ್ತು ರೂಪಾಯಿಗೆ ಚೌಕಾಶಿ ಮಾಡಿದರೆ, ‘ಬೇಗ, ಬೇಗ’ ಎಂದು ಅವಸರಿಸಿದರೆ, ಆ ದಿನದ ಉಪವಾಸದ ಫಲವೇನು?

ಕಾಲುಳ್ಳವರಿಗೂ ಇದೇ ಪ್ರಶ್ನೆಯುಂಟು. ಹಗಲಿನ ಬೆಳಕಿನಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ, ಜೀವಿಗಳಿಗೆ ನೋವಾಗದಂತೆ ಹೆಜ್ಜೆಯಿಡುವುದು ಮುನಿಗಳ ಈರ್ಯಾಸಮಿತಿ. ಗೃಹಸ್ಥನು ಅದನ್ನು ಪೂರ್ಣವಾಗಿ ಪಾಲಿಸಲಾರ. ಒಂದೇ ದಿನದಲ್ಲಿ ಇಳಿದು ಬರಬೇಕಾದವನಿಗೆ ಕತ್ತಲೆಯಲ್ಲಿ ಹೊರಡುವುದು ಅನಿವಾರ್ಯ. ಆದರೆ ಊರಿಗೆ ಮರಳಿ ‘ಎಷ್ಟು ವಂದನೆಯಾಯಿತು?’ ಎಂಬ ಪ್ರಶ್ನೆಗೆ ದೊಡ್ಡ ಸಂಖ್ಯೆ ಹೇಳಲೆಂದು ಓಡುವುದು ಅನಿವಾರ್ಯವಲ್ಲ. ಕಾಲಡಿಯ ಇರುವೆಯನ್ನೂ, ದಾರಿಯಲ್ಲಿ ಕುಸಿದು ಕುಳಿತ ಸಹಯಾತ್ರಿಕನನ್ನೂ ಕಾಣದ ವೇಗಕ್ಕೆ ಯಾವ ಪುಣ್ಯ?

ಅರ್ಧದಾರಿಯಲ್ಲಿ ಶಕ್ತಿ ಕುಂದಿ, ಅಲ್ಲಿಂದಲೇ ಶಿಖರಕ್ಕೆ ಕೈಮುಗಿದು ಹಿಂತಿರುಗಿದವನ ಭಾವವಂದನೆಯು ಅಪೂರ್ಣವಲ್ಲ. ಡೋಲಿಯಲ್ಲಿ ಹೋಗುವವನು ಹೊರುವವರಿಗೆ ನ್ಯಾಯವಾದ ಕೂಲಿ ಕೊಟ್ಟು, ಕೇಳಿದಲ್ಲಿ ಇಳಿಸಿ ವಿಶ್ರಾಂತಿ ಪಡೆಯಗೊಟ್ಟು, ಸಮತಟ್ಟಾದಲ್ಲಿ ನಾಲ್ಕು ಹೆಜ್ಜೆ ತಾನೂ ನಡೆದರೆ ಅದೂ ವಂದನೆಯೇ. ತನ್ನ ದಣಿವನ್ನು ಸಹಿಸುವುದು ತಪಸ್ಸು. ಪರರ ದಣಿವನ್ನು ಅರಿಯುವುದು ಧರ್ಮ. ಇವೆರಡೂ ಕೂಡಿದಾಗಲೇ ಶಿಖರಜಿಯ ಯಾತ್ರೆ ಸಾರ್ಥಕ.

ಜೈ ಜಿನೇಂದ್ರ.