ಮೊದಲ ಪುಟದ ಯೋಗ್ಯತೆ

ಯೋಗ್ಯತೆ ಇದ್ದವನಿಗೆ ಸ್ಥಾನ ತಾನಾಗಿಯೇ ಒದಗಿ ಬರುತ್ತದೆ ಎಂದು ನಮ್ಮ ಹಿರಿಯರು ಹೇಳಿದರು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂದವರೂ ಅವರೇ. ಈ ಎರಡರಲ್ಲಿ ಯಾವುದು ನಿಜವೆಂಬ ಪ್ರಶ್ನೆ ಹಳೆಯದು. ಗಣಕಯಂತ್ರದ ಕಾಲದಲ್ಲಿ ಅದು ಹೊಸ ವೇಷ ತೊಟ್ಟು ನಮ್ಮೆದುರು ನಿಂತಿದೆ.

ಮಹಾನಗರಕ್ಕೆ ವರ್ಗವಾಗಿ ಬಂದವರು ವೈದ್ಯರನ್ನು, ಮಗಳಿಗೆ ಸಂಗೀತ ಕಲಿಸುವವರನ್ನು, ಕನ್ನಡ ಸಂಘವನ್ನು ಕೂಡ ಇಂದು ಹುಡುಕುವುದು ಗೂಗಲ್‌ನಲ್ಲಿ. ಹೆಸರು ಮೊದಲ ಪುಟದಲ್ಲಿ ಬಂದರೆ ಉಂಟು; ಎರಡನೆಯದಕ್ಕೆ ಜಾರಿದರೆ ಇದ್ದೂ ಇಲ್ಲದಂತೆ. ಆದ್ದರಿಂದಲೇ ಜಾಲತಾಣಗಳನ್ನು ಪಟ್ಟಿಯ ಮೇಲಕ್ಕೇರಿಸಿ ಕೊಡುವುದು ಒಂದು ಉದ್ಯೋಗವಾಗಿ ಬೆಳೆದಿದೆ. ಎಸ್‌ಇಒ ಎಂಬುದು ಅದರ ಹೆಸರು. ಹೀಗೆ ಮೇಲೇರುವುದು ನ್ಯಾಯವೇ ಎಂಬುದನ್ನು ವಾಚಕರೊಡನೆ ವಿಚಾರ ಮಾಡಬೇಕೆನಿಸಿದೆ.

ಮೊದಲು ಈ ಪಟ್ಟಿ ತಯಾರಾಗುವ ಬಗೆಯನ್ನು ನೋಡೋಣ. ಹಿಂದಿನ ಹುಡುಕುಯಂತ್ರಗಳು ಹುಡುಕಿದ ಪದ ಪುಟದಲ್ಲಿ ಎಷ್ಟು ಬಾರಿ ಬಂದಿದೆಯೆಂಬುದಕ್ಕೆ ಬಹಳ ಬೆಲೆ ಕೊಡುತ್ತಿದ್ದವು. 1998ರಲ್ಲಿ ಗೂಗಲ್ ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಬೇರೊಂದು ದಾರಿ ಹಿಡಿದರು. ಒಬ್ಬ ವಿದ್ವಾಂಸ ತನ್ನ ಪ್ರಬಂಧದಲ್ಲಿ ಇನ್ನೊಬ್ಬನ ಪ್ರಬಂಧವನ್ನು ಉಲ್ಲೇಖಿಸಿದರೆ ಅದು ಗೌರವದ ಗುರುತಲ್ಲವೇ? ಹಾಗೆಯೇ ಒಂದು ಪುಟ ಇನ್ನೊಂದಕ್ಕೆ ಕೊಂಡಿ ಹಾಕಿದರೆ ಅದು ಸಾಕ್ಷಿ ನುಡಿದಂತೆ. ಸಾಕ್ಷಿಯ ತೂಕ ಹೇಳಿದವನ ತೂಕದಂತೆ. ಇಂದು ಬೇರೆ ನೂರಾರು ಲೆಕ್ಕಗಳು ಸೇರಿಕೊಂಡಿವೆ. ಆದರೂ ಮೂಲ ಭಾವನೆ ಸಾಕ್ಷಿಯದು.

ಸಾಕ್ಷಿಗೆ ಬೆಲೆಯಿರುವಲ್ಲಿ ಸುಳ್ಳುಸಾಕ್ಷಿಯೂ ಹುಟ್ಟುತ್ತದೆ. ಬಿಳಿಯ ಪುಟದ ಮೇಲೆ ಬಿಳಿಯ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದಿಟ್ಟವರಿದ್ದರು. ಮನುಷ್ಯನ ಕಣ್ಣಿಗೆ ಕಾಣದ್ದು ಯಂತ್ರಕ್ಕೆ ಕಾಣುತ್ತಿತ್ತು. ಹಣಕ್ಕೆ ಕೊಂಡಿಗಳನ್ನು ಮಾರುವ ಸಂತೆಯೇ ನೆರೆಯಿತು. ದೊಡ್ಡವರೂ ಇದಕ್ಕೆ ಹೊರತಲ್ಲ. 2006ರಲ್ಲಿ ಬಿಎಂಡಬ್ಲ್ಯು ಮೋಟಾರು ಕಂಪನಿಯ ಜರ್ಮನ್ ಜಾಲತಾಣ ಯಂತ್ರಕ್ಕೊಂದು ಪುಟ, ಗಿರಾಕಿಗೊಂದು ಪುಟ ತೋರಿಸುತ್ತಿದೆಯೆಂದು ಗೂಗಲ್ ಅದನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ತಿದ್ದಿಕೊಂಡ ಮೇಲೆ ಮತ್ತೆ ಸೇರಿಸಿತು. ಟೊಳ್ಳು ಬರಹವನ್ನು ಕೆಳಗಿಳಿಸಲು 2011ರಲ್ಲಿ ‘ಪಾಂಡಾ’, ಕೃತಕ ಕೊಂಡಿಗಳನ್ನು ಹಿಡಿಯಲು 2012ರಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆಗಳು ಬಂದವು. ಕಳ್ಳ ಚಾಪೆಯ ಕೆಳಗೆ ನುಸುಳಿದರೆ ಪೊಲೀಸ ರಂಗೋಲಿಯ ಕೆಳಗೆ ನುಸುಳಿದ ಹಾಗಾಯಿತು.

ಹಾಗೆಂದು ಮೇಲೇರುವ ಪ್ರಯತ್ನವೆಲ್ಲ ಪಾಪವೆನ್ನಲಾಗದು. ಕಡತಗಳ ನಡುವೆ ಕಾಲ ಕಳೆಯುವ ನಮಗೆ ಇದು ಚೆನ್ನಾಗಿ ಗೊತ್ತು. ಕಡತದ ಮೇಲೆ ವಿಷಯವನ್ನು ಸ್ಪಷ್ಟವಾಗಿ ಬರೆದರೆ ಹತ್ತು ವರ್ಷದ ಮೇಲೂ ಅದು ಕೈಗೆ ಸಿಗುತ್ತದೆ. ಇದು ಗುಮಾಸ್ತನ ಧರ್ಮ. ಆದರೆ ತನ್ನ ಕಡತ ಬೇಗ ಸಾಗಲೆಂದು ಪ್ರತಿಯೊಂದಕ್ಕೂ ‘ತುರ್ತು’ ಎಂಬ ಚೀಟಿ ಅಂಟಿಸಿದರೆ, ಕೆಲವೇ ದಿನಗಳಲ್ಲಿ ಆ ಚೀಟಿಗೆ ಅರ್ಥವೇ ಉಳಿಯುವುದಿಲ್ಲ. ನಿಜವಾಗಿ ತುರ್ತಾದ ವಿಧವೆಯೊಬ್ಬಳ ಪಿಂಚಣಿಯ ಕಡತ ರಾಶಿಯ ತಳದಲ್ಲಿ ಕೊಳೆಯುತ್ತದೆ. ಮೊದಲನೆಯದು ಹುಡುಕುವವನಿಗೆ ಮಾಡಿದ ಉಪಕಾರ; ಎರಡನೆಯದು ಅಳತೆಗೋಲನ್ನೇ ಕೆಡಿಸುವ ಕೆಲಸ. ಉಷ್ಣಮಾಪಕವನ್ನು ಬಿಸಿನೀರಿನಲ್ಲಿ ಅದ್ದಿದರೆ ಪಾದರಸ ಏರೀತು, ರೋಗಿಯ ಸ್ಥಿತಿ ತಿಳಿಯದು.

ಆದ್ದರಿಂದ ನಮಗೆ ತೋಚುವ ಪರೀಕ್ಷೆ ಇಷ್ಟೇ: ನಾವು ಮಾಡಿದ್ದನ್ನು ಹುಡುಕಿ ಬಂದವನಿಗೆ ತೋರಿಸಿ ಹೇಳಬಹುದೇ? ಶೀರ್ಷಿಕೆ ಸರಿಯಾಗಿಟ್ಟೆವು, ಚಿತ್ರದಲ್ಲೇನಿದೆ ಎಂದು ಅಂಧರಿಗೂ ತಿಳಿಯುವಂತೆ ಬರೆದೆವು ಎಂದರೆ ಅವನು ಸಂತೋಷಪಟ್ಟಾನು. ಹೊಗಳಿಕೆಯನ್ನು ಕೊಂಡು ತಂದೆವು ಎಂದರೆ ಎದ್ದು ಹೋದಾನು. ಕನ್ನಡಿಗರಿಗೆ ಇಲ್ಲೊಂದು ಕರ್ತವ್ಯವೂ ಇದೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಹಾಕಿದ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅದನ್ನು ಯೂನಿಕೋಡ್‌ಗೆ ತಂದರೆ ಮಾತ್ರ ಹುಡುಕಿದವರಿಗೆ ಸುಲಭವಾಗಿ ಸಿಗುತ್ತದೆ. ಒಳ್ಳೆಯ ಬರಹವನ್ನು ಎಲೆಮರೆಯ ಕಾಯಿಯಾಗಿ ಬಿಡುವುದು ವಿನಯವಲ್ಲ, ಸೋಮಾರಿತನ.

“ಎಲ್ಲರೂ ಕೊಳ್ಳುತ್ತಿರುವಾಗ ನಾವೊಬ್ಬರೇ ಕೊಳ್ಳದಿದ್ದರೆ ಹಿಂದೆ ಬೀಳುವುದಿಲ್ಲವೇ?” ಎಂದು ಕೇಳಬಹುದು. ಬೀಳುತ್ತೇವೆ, ಕೆಲಕಾಲವಾದರೂ ಬೀಳುತ್ತೇವೆ. ಇಪ್ಪತ್ತು ವರ್ಷ ಶ್ರದ್ಧೆಯಿಂದ ಪಾಠ ಹೇಳಿದ ಸಂಗೀತದ ಟೀಚರು ನಿನ್ನೆ ಬಾಗಿಲು ತೆರೆದ ಅಂಗಡಿಯ ಕೆಳಗೆ ಕಾಣಿಸಬಹುದು. ಈ ನಷ್ಟ ಸಣ್ಣದಲ್ಲ. ಆದರೆ ಅವರೂ ಸುಳ್ಳುಸಾಕ್ಷಿ ತಂದರೆ ನಷ್ಟ ತಪ್ಪುವುದಿಲ್ಲ. ಅದು ಮಗಳ ಕೈಹಿಡಿದು ಪಾಠ ಹುಡುಕಿ ಬಂದ ತಾಯಿಗೆ ವರ್ಗವಾಗುತ್ತದೆ, ಅಷ್ಟೆ. ಇನ್ನು ತೀರ್ಪು ಕೊಡುವ ಯಂತ್ರದ ಒಡೆಯರೇನೂ ನಿರ್ಲಿಪ್ತರಲ್ಲ. ಹುಡುಕಾಟದಲ್ಲಿ ಪಕ್ಷಪಾತ ಮಾಡಿದ್ದಕ್ಕಾಗಿ 2018ರಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ ಸುಮಾರು 136 ಕೋಟಿ ರೂಪಾಯಿ ದಂಡ ವಿಧಿಸಿತು. ನ್ಯಾಯಾಧೀಶ ನಿರ್ದೋಷಿಯಲ್ಲವೆಂದ ಮಾತ್ರಕ್ಕೆ ಸುಳ್ಳುಸಾಕ್ಷಿ ಸತ್ಯವಾಗದು.

ಕೊನೆಗೆ ನಮ್ಮ ಪಾಲಿನ ಮಾತು. 2021ರ ಜೂನ್‌ನಲ್ಲಿ ಭಾರತದ ಅತಿ ಕುರೂಪಿ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ‘ಕನ್ನಡ’ ಎಂದು ತೋರಿಸಿದಾಗ ನಾಡೆಲ್ಲ ಸಿಡಿದೆದ್ದಿತು. ಗೂಗಲ್ ಕ್ಷಮೆ ಕೇಳಿತು. ಸಿಟ್ಟು ಸಹಜವೇ. ಆದರೆ ಯಂತ್ರಕ್ಕೆ ಸ್ವಂತ ಅಭಿಪ್ರಾಯವಿರಲಿಲ್ಲ. ಎಲ್ಲೋ ಬರೆದಿದ್ದ ವಾಕ್ಯವೊಂದನ್ನು ಎತ್ತಿ ಮೇಲಿಟ್ಟಿತ್ತು. ನಮ್ಮ ಭಾಷೆಗೆ ನೋವಾದಾಗ ಮೇಲಿದ್ದದ್ದು ಸುಳ್ಳೆಂದು ತಕ್ಷಣ ಕಂಡುಕೊಂಡೆವು. ಔಷಧಿಯ ಬಗೆಗೆ, ಸಾಲದ ಬಗೆಗೆ, ನೆರೆಯವರ ಜಾತಿ ಮತಗಳ ಬಗೆಗೆ ಮೇಲೆ ಬಂದದ್ದನ್ನು ಅಷ್ಟೇ ಎಚ್ಚರದಿಂದ ನೋಡುತ್ತೇವೆಯೇ?

ಮೊದಲ ಸ್ಥಾನಕ್ಕೆ ಇಷ್ಟು ಬೆಲೆ ಬಂದಿರುವುದು ನಾವು ಅಲ್ಲಿಗೇ ನಿಲ್ಲುವುದರಿಂದ. ಇನ್ನೊಂದು ಪುಟ ತಿರುವುವ ತಾಳ್ಮೆ ನಮಗಿದ್ದರೆ ಸುಳ್ಳುಸಾಕ್ಷಿಯ ಸಂತೆ ಅಷ್ಟು ಬಡವಾಗುತ್ತದೆ. ಜೊತೆಗೆ, ಒಳ್ಳೆಯ ವೈದ್ಯರನ್ನೋ ಪುಸ್ತಕವನ್ನೋ ಕಂಡಾಗ ನಾಲ್ಕು ಜನಕ್ಕೆ ತಿಳಿಯುವಂತೆ ಬರೆದು ಹೇಳೋಣ. ನಿಜ ಕಂಡವರು ಸುಮ್ಮನಿದ್ದರೆ ಸಾಕ್ಷಿಕಟ್ಟೆ ಬಾಡಿಗೆಯವರ ಪಾಲಾಗುವುದು ಆಶ್ಚರ್ಯವಲ್ಲ.