ಎಸ್ಟಿಮೇಟಿನಲ್ಲಿ ಇಲ್ಲದ ಲೆಕ್ಕ

ಮನೆ ದೊಡ್ಡದು ಮಾಡಬೇಕೆಂಬ ಮಾತು ಹೆಚ್ಚಾಗಿ ಹುಟ್ಟುವುದು ಮದುವೆಯ ಮಾತಿನ ಜೊತೆಗೇ. ಮಗನಿಗೆ ಹೆಣ್ಣು ಗೊತ್ತಾಗಿದೆ, ಇರುವುದು ಎರಡೇ ಕೋಣೆ. ಒಂದರಲ್ಲಿ ವಯಸ್ಸಾದ ಉಮ್ಮ, ಇನ್ನೊಂದರಲ್ಲಿ ಓದುವ ಹೆಣ್ಣುಮಕ್ಕಳು. ಕರಾವಳಿಯ ಹಳೆ ಮನೆಗಳು ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡಿನವು. ಒಂದು ಅಂತಸ್ತಿಗೆಂದು ಹಾಕಿದ ಪಂಚಾಂಗದ ಮೇಲೆ ಇನ್ನೊಂದು ಅಂತಸ್ತು ಏರಿಸುವ ಧೈರ್ಯ ಯಾವ ಇಂಜಿನಿಯರಿಗೂ ಬರುವುದಿಲ್ಲ. ಹಾಗಾಗಿ ಮನೆಯ ಪಕ್ಕಕ್ಕೆ ಕೆಳಗೆರಡು, ಮೇಲೆರಡು ಕೋಣೆಗಳ ಎರಡಂತಸ್ತಿನ ಹೊಸ ಭಾಗವನ್ನು ಸೇರಿಸುವುದೆಂದು ತೀರ್ಮಾನವಾಗುತ್ತದೆ.

ಅಲ್ಲಿಂದ ನಾವು ಕಾಗದ, ಪೆನ್ನು ಹಿಡಿದು ಕೂರುತ್ತೇವೆ. ಒಂದೊಂದು ಅಂತಸ್ತು 500 ಚದರ ಅಡಿ, ಒಟ್ಟು 1,000. ಚದರ ಅಡಿಗೆ 2,000 ರೂಪಾಯಿ ಎಂದು ಹಿಡಿದರೆ 20 ಲಕ್ಷ. ಕೈಯಲ್ಲಿ 10 ಇದೆ, ಉಳಿದ 10 ಹೇಗಾದರೂ ಆಗುತ್ತದೆ ಎನ್ನುತ್ತೇವೆ. ಈ ‘ಹೇಗಾದರೂ’ ಎಂಬ ಪದದ ಬಗ್ಗೆಯೇ ನಾವು ಸ್ವಲ್ಪ ಯೋಚಿಸಬೇಕಾಗಿದೆ.

ಮೊದಲನೆಯದಾಗಿ, 20 ಲಕ್ಷ ಎಂದದ್ದು 20ರಲ್ಲಿ ಮುಗಿಯುವುದಿಲ್ಲ. ನಕ್ಷೆ ಮತ್ತು ಪರವಾನಿಗೆಯ ಖರ್ಚು, ಹೆಚ್ಚಿದ ಶೌಚಾಲಯಗಳಿಗೆ ತಕ್ಕ ಹೊಸ ಗುಂಡಿ, ಲಾರಿ ಬರಲೆಂದು ಒಡೆದ ಕಂಪೌಂಡನ್ನು ಮತ್ತೆ ಕಟ್ಟುವ ಖರ್ಚು ಯಾವುದೂ ಚದರ ಅಡಿಯ ಲೆಕ್ಕದಲ್ಲಿ ಇರುವುದಿಲ್ಲ. ಹೊಸ ಭಾಗ ಹಳೆಯದಕ್ಕೆ ಸೇರುವಲ್ಲಿಯೂ ಖರ್ಚಿದೆ. ಹಳೆ ಗೋಡೆ ಎಂದೋ ಕುಸಿದು ಗಟ್ಟಿಯಾಗಿ ನಿಂತಿದೆ, ಹೊಸ ಕಂಬಗಳು ಇನ್ನು ಮೇಲಷ್ಟೆ ಮಣ್ಣಿನಲ್ಲಿ ಕೂರಬೇಕು. ಎರಡನ್ನೂ ಬಿಗಿದರೆ ಬಿರುಕು ಖಂಡಿತ. ನಡುವೆ ಸಂದು ಬಿಟ್ಟು, ಮಳೆನೀರು ಇಳಿಯದಂತೆ ಮುಚ್ಚಬೇಕು. ಇದಕ್ಕೆಲ್ಲ ನೂರಕ್ಕೆ ಹತ್ತರಷ್ಟಾದರೂ ಬದಿಗಿಡದವನು ಮನೆ ಕಟ್ಟಲು ಹೊರಡಬಾರದು.

ಎರಡನೆಯದು ಸಾಲ. 10 ಲಕ್ಷವನ್ನು ಶೇ. 9ರ ಬಡ್ಡಿಯಲ್ಲಿ 15 ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 10,140 ರೂಪಾಯಿ. ತೀರುವಷ್ಟರಲ್ಲಿ ಕಟ್ಟಿದ್ದು 18 ಲಕ್ಷ 25 ಸಾವಿರ. ಬಡ್ಡಿ ಬೇಡವೆನ್ನುವವರು ನೆಂಟರ ಹತ್ತಿರ ಕೈಗಡ ಕೇಳುತ್ತಾರೆ, ಹೆಂಡತಿಯ ಅಥವಾ ತಂಗಿಯ ಚಿನ್ನ ಮಾರುತ್ತಾರೆ. ಬಡ್ಡಿಯಿಲ್ಲದ ಸಾಲ ಎಂದು ನಮಗೆ ಸಮಾಧಾನ. ಆದರೆ ಅಂದು ಕೊಟ್ಟ ಹತ್ತು ಪವನನ್ನು ಐದು ವರ್ಷದ ಬಳಿಕ ಅಂದಿನ ರೂಪಾಯಿ ಲೆಕ್ಕದಲ್ಲಿ ಮರಳಿಸಿದರೆ ತಂಗಿ ಅದರಲ್ಲಿ ಹತ್ತು ಪವನು ಕೊಳ್ಳಲಾರಳು. ಚಿನ್ನ ಪಡೆದವನು ಚಿನ್ನವನ್ನೇ ಮರಳಿಸಬೇಕಲ್ಲವೇ? ಬಡ್ಡಿಯಿಂದ ತಪ್ಪಿಸಿಕೊಂಡೆವೆಂದು ಇನ್ನೊಬ್ಬರ ನಷ್ಟದಿಂದಲೂ ತಪ್ಪಿಸಿಕೊಂಡಂತಾಗುವುದಿಲ್ಲ.

ಈಗ ನಮ್ಮ ಅನುಭವವನ್ನೇ ಹೇಳಬೇಕು. ನಮ್ಮ ಮನೆಯ ಕೆಲಸ ಸಾರಣೆಯ ಹಂತಕ್ಕೆ ಬಂದಾಗ ಹಣ ಮುಗಿಯಿತು. ಶನಿವಾರದ ಬಟವಾಡೆಯ ಹೊತ್ತಿಗೆ ಮೇಸ್ತ್ರಿಗೆ ‘ಮುಂದಿನ ವಾರ ನೋಡೋಣ’ ಎಂದೆವು. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರು ಅವರು. ‘ಸಾಹೇಬ್ರ, ಊರಿಗೆ ರೊಕ್ಕ ಕಳಿಸೋದೈತ್ರಿ’ ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತರು. ಅದೇ ವಾರ ಹಾಲಿಗೆ ಟೈಲ್ಸ್ ಬಂದಿತ್ತು. ಅಂಗಡಿಯವ ಸಾಲ ಕೊಡುವುದಿಲ್ಲ ಎಂದದ್ದರಿಂದ ನಗದು ಕೊಟ್ಟೇ ತಂದಿದ್ದೆವು. ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಶುಕ್ರವಾರದ ಪ್ರವಚನದಲ್ಲಿ ಎಷ್ಟೋ ಬಾರಿ ಕೇಳಿದವರು ನಾವು. ಆದರೂ ಅಂಗಡಿಯವನಿಗೆ ‘ಇಲ್ಲ’ ಎನ್ನಲಾಗದ ನಮಗೆ ಮೇಸ್ತ್ರಿಗೆ ‘ಇಲ್ಲ’ ಎನ್ನುವುದು ಸುಲಭವಾಯಿತು.

ಅಂದು ನಮಗೆ ಹೊಳೆದದ್ದು ಇಷ್ಟು: ಕಡಿಮೆ ಬಿದ್ದ ಹಣ ಮಾಯವಾಗುವುದಿಲ್ಲ, ಯಾರಾದರೊಬ್ಬರು ಅದನ್ನು ತುಂಬಿಯೇ ತುಂಬುತ್ತಾರೆ. ಹಾಗೆ ತುಂಬುವವರು ಸಾಮಾನ್ಯವಾಗಿ ನಮ್ಮ ಮುಂದೆ ಸ್ವರ ಎತ್ತಲಾರದವರು. ಕೂಲಿಯವನು ತಡವಾದ ಕೂಲಿಯ ರೂಪದಲ್ಲಿ ತುಂಬುತ್ತಾನೆ. ಸೆಂಟ್ರಿಂಗಿನ ಬಾಡಿಗೆ ಉಳಿಸಲು ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಆಧಾರದ ಕಂಬ ಕಿತ್ತರೆ, ಅದರಡಿ ದುಡಿಯುವವನು ಜೀವದ ಅಪಾಯದ ರೂಪದಲ್ಲಿ ತುಂಬುತ್ತಾನೆ. ಜಾಗ ಉಳಿಸಲು ಗಡಿಗೆ ಒತ್ತಿ ಕಟ್ಟಿದರೆ, ಪಕ್ಕದ ಮನೆಯವರು ಅಡುಗೆಕೋಣೆಗೆ ಬರುತ್ತಿದ್ದ ಬಿಸಿಲನ್ನು ಕಳೆದುಕೊಂಡು ತುಂಬುತ್ತಾರೆ. ಹೊಸ ತಾರಸಿಯ ಮಳೆನೀರನ್ನು ಅವರ ಅಂಗಳಕ್ಕೆ ಇಳಿಸಿದರೆ ಆ ಖರ್ಚೂ ಅವರದ್ದೇ.

ಇದಕ್ಕಿಂತ ಹಳೆಯ ಬಾಕಿಯೊಂದಿದೆ. ಎಷ್ಟೋ ಮನೆಗಳಲ್ಲಿ ಜಾಗದ ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇರುತ್ತದೆ. ಶರೀಅತ್ತಿನ ಪ್ರಕಾರ ಮಗಳಿಗೆ ಅದರಲ್ಲಿ ನಿಶ್ಚಿತ ಪಾಲಿದೆ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಮಗನಷ್ಟೇ ಹಕ್ಕಿದೆ. ಆದರೂ ಎರಡೂ ಸಮುದಾಯಗಳಲ್ಲಿ ನಡೆಯುವುದು ಒಂದೇ. ಬ್ಯಾಂಕಿನವರು ಕಾಗದಪತ್ರ ಕೇಳಿದಾಗ ತಂಗಿಗೆ ಫೋನ್ ಹೋಗುತ್ತದೆ. ಅವಳನ್ನು ಕರೆಯುವುದು ಪ್ಲಾನ್ ತೋರಿಸಲಿಕ್ಕಲ್ಲ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲಿಕ್ಕೆ. ಅವಳು ನಗುನಗುತ್ತಲೇ ಹಾಕುತ್ತಾಳೆ, ತವರಿನ ಬಾಗಿಲು ಮುಚ್ಚಬಾರದಲ್ಲ! ಆ ನಗುವನ್ನು ಒಪ್ಪಿಗೆ ಎಂದು ತಿಳಿದು ನಾವು ಗುದ್ದಲಿಪೂಜೆಯನ್ನೋ ದುಆವನ್ನೋ ಮಾಡಿ ಕೆಲಸ ಆರಂಭಿಸುತ್ತೇವೆ.

ಹಾಗಾದರೆ ಮನೆ ಕಟ್ಟುವುದೇ ತಪ್ಪೇ? ಖಂಡಿತ ಅಲ್ಲ. ಹೊಸದಾಗಿ ಬಂದ ಸೊಸೆಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಓದುವ ಹುಡುಗಿಗೆ ಒಂದು ಮೇಜು, ಮೊಣಕಾಲು ನೋವಿನ ಉಮ್ಮನಿಗೆ ಕೆಳ ಅಂತಸ್ತಿನಲ್ಲೇ ಸ್ನಾನದ ಮನೆ, ಇವೆಲ್ಲ ಆಡಂಬರವಲ್ಲ, ಮರ್ಯಾದೆಯ ಬದುಕಿನ ಅಗತ್ಯಗಳು. ದಾರಿಹೋಕರು ನೋಡಲೆಂದು ಮುಂಭಾಗಕ್ಕೆ ಅಂಟಿಸುವ ಕಲ್ಲು, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಅತಿಥಿಕೋಣೆ ಬೇರೆ. ಹಣ ಕಡಿಮೆ ಬಿದ್ದಾಗ ಮೊದಲು ಬಿಡಬೇಕಾದದ್ದು ಅವುಗಳನ್ನು. ನಾವು ಬಿಡುವುದು ಮಾತ್ರ ಕೂಲಿಯವನ ಪಾಲನ್ನು.

ಆದ್ದರಿಂದ ಎಸ್ಟಿಮೇಟಿನ ಮೊದಲ ಸಾಲುಗಳು ಸಿಮೆಂಟು, ಹೊಯ್ಗೆಯದಾಗಬಾರದು. ಮೊದಲು ಒಡಹುಟ್ಟಿದವರ ಪಾಲು ಇತ್ಯರ್ಥವಾಗಲಿ, ಕೊಡಬೇಕಾದ ಬೆಲೆ ಕೊಟ್ಟ ಮೇಲೆ ಸಹಿ ಬೀಳಲಿ. ಪಕ್ಕದ ಮನೆಯವರನ್ನು ಕರೆದು ಪ್ಲಾನ್ ತೋರಿಸೋಣ. ಕೂಲಿಯ ಮೊತ್ತವನ್ನು ಪ್ರತ್ಯೇಕ ಖಾತೆಯಲ್ಲಿ ಇಟ್ಟು ಬಿಡೋಣ, ಟೈಲ್ಸಿಗೆ ಅದನ್ನು ಮುಟ್ಟುವಂತಿಲ್ಲ. ಹಣ ಸಾಲದಿದ್ದರೆ ಎರಡು ಅಂತಸ್ತಿಗೆ ಬೇಕಾದ ಪಂಚಾಂಗ ಹಾಕಿ, ಈ ಬಾರಿ ಕೆಳಗಿನ ಅಂತಸ್ತನ್ನಷ್ಟೇ ಮುಗಿಸೋಣ. ಮೇಲಿನದು ಮುಂದೆ ನೋಡೋಣ.

ನಮ್ಮೂರ ರಸ್ತೆಯ ಇಕ್ಕೆಲಗಳಲ್ಲಿ ತಾರಸಿಯಿಂದ ಮೇಲಕ್ಕೆ ಚಾಚಿದ ಕಬ್ಬಿಣದ ಸರಳುಗಳಿರುವ ಮನೆಗಳು ಎಷ್ಟೋ ಇವೆ. ನೋಡಿದವರು ‘ಪಾಪ, ಅರ್ಧಕ್ಕೆ ನಿಂತಿತು’ ಎನ್ನುತ್ತಾರೆ. ಅವುಗಳಲ್ಲಿ ಕೆಲವಾದರೂ, ಮೇಸ್ತ್ರಿಯ ಕೂಲಿ ಕೊಟ್ಟು ಮುಗಿಸಿದ್ದರಿಂದ ನಿಂತವು ಆಗಿರಬಹುದು. ಅಂಥ ಮನೆಯವರು ನಾಚಿಕೊಳ್ಳಬೇಕಾದದ್ದು ಏನೂ ಇಲ್ಲ. ತುಕ್ಕು ಹಿಡಿಯದಂತೆ ಆ ಸರಳುಗಳಿಗೆ ಸಿಮೆಂಟಿನ ನೀರು ಬಳಿದಿಟ್ಟರೆ ಸಾಕು.