ಗುಣಕ್ಕೆ ಸಹಿ ಹಾಕುವವರಾರು?

ಪೊಲೀಸ್ ಇಲಾಖೆಗೆ ಆಯ್ಕೆಯಾದ ಯುವಕನ ಮುಂದೆ, ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಒಂದು ಬಾಗಿಲು ಉಳಿದಿರುತ್ತದೆ. ಅದು ಪೂರ್ವಾಪರ ಪರಿಶೀಲನೆ. ಅವನ ನಡತೆ ಹೇಗೆ, ಅವನ ಮೇಲೆ ಮೊಕದ್ದಮೆಗಳಿವೆಯೇ ಎಂದು ಠಾಣೆಯವರು ವಿಚಾರಿಸಿ ವರದಿ ಕೊಡಬೇಕು. ನಾಳೆ ಲಾಠಿ ಹಿಡಿಯುವವನ ಕೈ ಎಂಥದ್ದು ಎಂದು ಇಂದೇ ನೋಡುವ ಕೆಲಸವಿದು. ಈ ಕೆಲಸವನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗಾಯಿಸಿದಾಗ ಅದರ ನೈತಿಕ ಹೊಣೆಯೂ ವರ್ಗವಾಗುತ್ತದೆಯೇ?

ಕಾಪುವಿನಲ್ಲಿ ಹುಟ್ಟಿ, ಕಾರ್ಕಳದ ಅಜ್ಜಿಮನೆಯಲ್ಲಿದ್ದು ಓದಿ, ಮಣಿಪಾಲದಲ್ಲಿ ಬಾಡಿಗೆ ಕೋಣೆ ಹಿಡಿದು ದುಡಿದ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ಕಾಪು ಠಾಣೆಗೆ ಅವನ ಮನೆಯ ವಿಳಾಸ ಗೊತ್ತು, ಅವನು ಗೊತ್ತಿಲ್ಲ. ಮಣಿಪಾಲದಲ್ಲಿ ಪಕ್ಕದ ಕೋಣೆಯವರಿಗೂ ಅವನ ಹೆಸರು ತಿಳಿದಿರಲಿಕ್ಕಿಲ್ಲ. ಅಲ್ಲಿಂದ ‘ನಮ್ಮ ಠಾಣೆಯಲ್ಲಿ ಯಾವುದೇ ಪ್ರಕರಣ ದಾಖಲಾಗಿಲ್ಲ’ ಎಂಬ ಉತ್ತರ ಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅದು ಉಡುಪಿಯ ಎಸ್ಪಿ ಕಚೇರಿ ತಲುಪುವಾಗ ‘ಗುಣನಡತೆ ಉತ್ತಮ’ ಎಂದಾಗಿರಬಹುದು. ಪ್ರತಿಯೊಬ್ಬರೂ ಹಿಂದಿನವರ ಸಹಿಯನ್ನು ನಂಬಿ ಸಹಿ ಹಾಕಿರುತ್ತಾರೆ. ಕೊನೆಗೆ ಖಾತರಿ ಕೊಟ್ಟವರು ಯಾರೂ ಇರುವುದಿಲ್ಲ.

ಖಲೀಫ ಉಮರ್‌ರ ಬಗ್ಗೆ ಹೇಳುವ ಒಂದು ಪ್ರಸಂಗವಿದೆ. ಒಬ್ಬಾತನ ಒಳ್ಳೆಯತನಕ್ಕೆ ಸಾಕ್ಷಿ ನುಡಿಯಲು ಬಂದವನನ್ನು ಅವರು ಕೇಳಿದರಂತೆ: ನೀನು ಅವನ ನೆರೆಯವನೇ? ಅವನೊಡನೆ ಪ್ರಯಾಣ ಮಾಡಿದ್ದೀಯಾ? ಹಣದ ವ್ಯವಹಾರ ಮಾಡಿದ್ದೀಯಾ? ಎಲ್ಲಕ್ಕೂ ಇಲ್ಲವೆಂದಾಗ, ಹಾಗಾದರೆ ನಿನಗೆ ಅವನು ಗೊತ್ತಿಲ್ಲ ಎಂದರಂತೆ. ದಾಖಲೆ ಇಲ್ಲದಿರುವುದು ಬೇರೆ, ಮನುಷ್ಯನನ್ನು ಅರಿತಿರುವುದು ಬೇರೆ.

ಕೆಲಸ ಹಂಚಿಹೋದಾಗ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಪಾಠ ಕಠೋರವಾದುದು. 2021ರ ಮಾರ್ಚ್‌ನಲ್ಲಿ ಲಂಡನ್ನಿನ ಸಾರಾ ಎವರಾರ್ಡ್ ಎಂಬ ಯುವತಿಯನ್ನು ಕೊಂದವನು ಸೇವೆಯಲ್ಲಿದ್ದ ಪೊಲೀಸ್. 2024ರ ಫೆಬ್ರವರಿಯಲ್ಲಿ ಬಂದ ಆಂಜಿಯೋಲಿನಿ ವಿಚಾರಣಾ ವರದಿ ಅವನ ಹಿಂದಿನ ದಾರಿಯನ್ನು ತೆರೆದಿಟ್ಟಿತು. ಅಣುಸ್ಥಾವರಗಳನ್ನು ಕಾಯುವ ಪಡೆಗೆ ಅವನು ಸೇರುವಾಗ ಪರಿಶೀಲನೆ ನಡೆಸಿದ್ದು ಇನ್ನೊಂದು ಪೊಲೀಸ್ ಪಡೆ. ಅದು ಬೇಡವೆಂದು ಹೇಳಿತ್ತು. ಆದರೂ ಅವನನ್ನು ಸೇರಿಸಿಕೊಳ್ಳಲಾಯಿತು. ವಿಚಾರಿಸಿದವರಿಗೆ ತಡೆಯುವ ಅಧಿಕಾರವಿರಲಿಲ್ಲ, ಅಧಿಕಾರವಿದ್ದವರು ಕೇಳಿಸಿಕೊಳ್ಳಲಿಲ್ಲ.

ಹಾಗಾದರೆ ಹೊರಗಿನ ಸಂಸ್ಥೆಗೆ ಒಪ್ಪಿಸೋಣವೇ? ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಉದಾಹರಣೆಯಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯ ಅಕ್ರಮ 2022ರಲ್ಲಿ ಬಯಲಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧಿತರಾದರು. ಬಳಿಕ ಮರುಪರೀಕ್ಷೆಯ ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಹೋಯಿತು. 2024ರ ಜನವರಿಯಲ್ಲಿ ಅದು ನಡೆಯಿತು. ಬೇಲಿಯೇ ಹೊಲ ಮೇಯುವ ಶಂಕೆಯಿದ್ದಾಗ ಇದು ಸರಿಯಾದ ಕ್ರಮವೇ. ಆದರೆ ಉತ್ತರಪತ್ರಿಕೆಯನ್ನು ಎಲ್ಲಿ ಕುಳಿತು ತಿದ್ದಿದರೂ ಅಂಕ ಒಂದೇ. ನಡತೆ ಹಾಗಲ್ಲ. ಅದರ ಅರಿವು ಓಣಿಯಲ್ಲಿ, ಅಂಗಡಿಯ ಜಗಲಿಯಲ್ಲಿ, ಶಾಲೆಯ ಮೇಷ್ಟ್ರಲ್ಲಿ ಇರುತ್ತದೆ. ಅಲ್ಲಿಗೆ ಯಾರಾದರೂ ನಡೆದು ಹೋಗಲೇಬೇಕು.

ಅಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಕರಾವಳಿಯಲ್ಲಿ ಒಂದು ಗಲಾಟೆ, ಒಂದು ಪ್ರತಿಭಟನೆ ಸಾಕು, ಹುಡುಗರ ಹೆಸರು ಎಫ್‌ಐಆರ್‌ಗೆ ಸೇರಲು. ಜಾತಿ, ಧರ್ಮ, ಪಕ್ಷ ನೋಡಿ ನಡತೆ ಅಳೆಯುವವರೂ ಇದ್ದಾರೆ. 2011ರಲ್ಲಿ ದೆಹಲಿ ಪೊಲೀಸ್ ಸೇರಬಯಸಿದ ಸಂದೀಪ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಳೆಯ ಪ್ರಾಯದ ಸಣ್ಣ ತಪ್ಪಿಗೆ ಬದುಕಿಡೀ ಮುದ್ರೆ ಒತ್ತಬಾರದೆಂಬ ನಿಲುವು ತಳೆಯಿತು. 2013ರ ಮೆಹರ್ ಸಿಂಗ್ ಪ್ರಕರಣದಲ್ಲಿ, ಖುಲಾಸೆಯಾದ ಮಾತ್ರಕ್ಕೆ ಪೊಲೀಸ್ ಕೆಲಸ ಹಕ್ಕಾಗದು ಎಂದಿತು. 2016ರಲ್ಲಿ ಅವತಾರ್ ಸಿಂಗ್ ತೀರ್ಪು, ತಪ್ಪಿನ ಸ್ವರೂಪ, ಹುದ್ದೆಯ ಮಹತ್ವ, ಮುಚ್ಚಿಟ್ಟದ್ದರ ಗಂಭೀರತೆಗಳನ್ನು ತೂಗಿ ನೋಡಿ ಎಂದು ನೇಮಿಸುವವರಿಗೇ ಹೇಳಿತು. ತೂಗುವ ಕೆಲಸವನ್ನು ಕಾಗದ ಮಾಡದು. ಒಬ್ಬ ಮನುಷ್ಯ ಮಾಡಬೇಕು, ಕಾರಣ ಬರೆದು ಹೆಸರು ಹಾಕಬೇಕು.

ಆದ್ದರಿಂದ ವಿಚಾರಣೆಯನ್ನು ಯಾವ ಠಾಣೆಗಾದರೂ ವಹಿಸಲಿ, ತೀರ್ಮಾನದ ಹೊಣೆ ನೇಮಿಸುವವರಲ್ಲೇ ಉಳಿಯಬೇಕು. ವಿರುದ್ಧ ವರದಿ ಬಂದರೆ ಅಭ್ಯರ್ಥಿಗೆ ಉತ್ತರಿಸಲು ಅವಕಾಶ ಬೇಕು. ಪರಿಶೀಲನೆ ಬಾಗಿಲಲ್ಲೇ ಮುಗಿಯಲೂಬಾರದು. 2018ರಲ್ಲಿ ಪೆರ್ಡೂರು ಬಳಿ ದನದ ವ್ಯಾಪಾರಿಯೊಬ್ಬರು ಸತ್ತ ಪ್ರಕರಣದಲ್ಲಿ ಹಿರಿಯಡ್ಕ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಸಹಿತ ಪೊಲೀಸರೇ ಆರೋಪಿಗಳಾಗಿ ಬಂಧಿತರಾದರು. ಅಂಥ ಆರೋಪ ಬಂದಾಗ, ಸೇರುವಾಗ ಕೊಟ್ಟ ಸರ್ಟಿಫಿಕೇಟು ಜನರಿಗೆ ಯಾವ ಸಮಾಧಾನವನ್ನೂ ಕೊಡದು.

ಇನ್ನು ನಮ್ಮ ಪಾಲು. ಠಾಣೆಯವರು ಪಕ್ಕದ ಮನೆಯ ಹುಡುಗನ ಬಗ್ಗೆ ಕೇಳಿದರೆ ನಾವು ಏನು ಹೇಳುತ್ತೇವೆ? ನೆಂಟನಾದರೆ ಹೊಗಳುತ್ತೇವೆ, ಗಡಿತಕರಾರಿದ್ದರೆ ಮುಖ ತಿರುಗಿಸುತ್ತೇವೆ, ಉಪದ್ರ ಬೇಡವೆಂದು ‘ಗೊತ್ತಿಲ್ಲ’ ಎನ್ನುತ್ತೇವೆ. ಕಡತದ ಮೊದಲ ಸಾಕ್ಷಿ ಅಲ್ಲೇ ಸುಳ್ಳಾಗುತ್ತದೆ. ಒಳ್ಳೆಯ ಪೊಲೀಸರು ಬೇಕೆನ್ನುವ ನಾವು, ಒಬ್ಬನ ಬಗ್ಗೆ ಕಂಡದ್ದನ್ನು ಕಂಡಷ್ಟೇ ಹೇಳಲು ಕಲಿಯಬೇಕಾಗಿದೆ.